ಕಂಕುಳ ಕೂದಲಿನ ಚರಿತ್ರೆ

ಗಂಡಸರು ಮೈಕೂದಲು ತೆಗೆಯೋದು ಇತ್ತೀಚಿನ ಷೋಕಿ ಅಂತ ನಂಬಿರೋರು ನನಗೆ ಎರಡು ಕಡೆ ಸಿಗ್ತಾರೆ. ಒಂದು, ಚನ್ನರಾಯಪಟ್ಟಣ ತಾಲ್ಲೂಕಿನ ನನ್ನೂರಿನ ಅರಳಿಕಟ್ಟೆ ಮೇಲೆ. ಇನ್ನೊಂದು, ಬೆಂಗಳೂರಿನಲ್ಲಿ ನಮ್ಮ ಆಫೀಸಿನ ಊಟದ ಟೇಬಲ್ ಸುತ್ತ. ಕಟ್ಟೆಯವರು "ಸಿಟಿ ಸೇರಿ ಕೆಟ್ಟೋದ್ರು ಹುಡುಗ್ರು" ಅಂತಾರೆ. ಟೇಬಲ್‌ನವರು ಸ್ವಲ್ಪ ನಾಜೂಕಾಗಿ "ಎಲ್ಲಾ ಇನ್‌ಸ್ಟಾಗ್ರಾಮ್ ಮಹಿಮೆ" ಅಂತ ನಗ್ತಾರೆ. ಎರಡೂ ಮಾತಿನ ಒಳಗಿರೋದು ಒಂದೇ ನಂಬಿಕೆ: ಇದು ಹೆಂಗಸರ ಕೆಲಸ, ನಮ್ಮ ಅಪ್ಪ ತಾತಂದಿರಿಗೆ ಇದರ ಗಂಧಗಾಳಿಯೂ ಇರಲಿಲ್ಲ.

ಬೇರೆಯವರ ತಾತಂದಿರ ಕತೆ ನನಗೆ ಗೊತ್ತಿಲ್ಲ, ನನ್ನ ತಾತನ ಕತೆ ಗೊತ್ತು. ತೊಂಬತ್ತರ ದಶಕದಲ್ಲಿ ಹದಿನೈದು ದಿನಕ್ಕೊಮ್ಮೆ ಹಡಪ ಹಿಡ್ಕೊಂಡು ಒಬ್ಬರು ನಮ್ಮ ಹಿತ್ತಿಲಿಗೆ ಬರ್ತಿದ್ದರು. ನಾವು ಮಕ್ಕಳು ಅವರನ್ನ ಕ್ಷೌರದ ತಾತ ಅಂತಿದ್ವಿ. ನಮ್ಮ ತಾತ ಒಗೆಯೋ ಕಲ್ಲಿನ ಮೇಲೆ ಕೂತರೆ ಮೊದಲು ಗಡ್ಡ, ಆಮೇಲೆ ತಲೆ, ಕೊನೆಗೆ ಒಂದೊಂದಾಗಿ ಕೈ ಎತ್ತಿಸಿ ಎರಡೂ ಕಂಕುಳು. ಇದೆಲ್ಲ ನಡೆಯೋವಾಗ ಇಬ್ಬರ ಮಾತು ಮಳೆ ಬಗ್ಗೆ, ರಾಗಿ ಬೆಲೆ ಬಗ್ಗೆ. ಅದರಲ್ಲಿ ನಾಚಿಕೆಯೂ ಇರಲಿಲ್ಲ, ಷೋಕಿಯೂ ಇರಲಿಲ್ಲ. ಬಿಸಿಲಲ್ಲಿ ಗೇಯೋ ಮೈಗೆ ಬೆವರು, ವಾಸನೆ, ಕೂರೆ ಕಾಟ ಕಮ್ಮಿಯಾಗ್ಲಿ ಅನ್ನೋ ಲೆಕ್ಕ ಅಷ್ಟೇ. "ಬಾಡಿ ಗ್ರೂಮಿಂಗ್" ಅನ್ನೋ ಪದ ಕೇಳದೇ ಎಂಬತ್ತು ವರ್ಷ ಬದುಕಿದ ಮನುಷ್ಯ ಅದನ್ನ ಜೀವನಪೂರ್ತಿ ಮಾಡಿಸಿಕೊಂಡಿದ್ದರು.

ಇದರ ಹಿಂದಿನ ಚರಿತ್ರೆ ಏನಿರಬಹುದು ಅಂತ ಓದೋಕೆ ಶುರು ಮಾಡಿದಾಗ ನನಗೆ ಮೊದಲು ಕಂಡಿದ್ದು, ಐದು ಸಾವಿರ ವರ್ಷದಲ್ಲಿ ವಿಧಾನಗಳು ಹೆಚ್ಚೇನೂ ಬೆಳೆದಿಲ್ಲ ಅನ್ನೋದು. ಕೂದಲನ್ನ ಕೊಯ್ಯಬಹುದು, ಕೀಳಬಹುದು, ಕರಗಿಸಬಹುದು, ಸುಡಬಹುದು. ನಾಲ್ಕೇ ಆಲ್ಗಾರಿದಮ್. ಉಳಿದದ್ದೆಲ್ಲ ಅವುಗಳ ಹೊಸ ವರ್ಷನ್ನು. ಆದರೆ ಯಾಕೆ ತೆಗೆಯಬೇಕು ಅನ್ನೋ ಕಾರಣ ಮಾತ್ರ ಪ್ರತಿ ಕಾಲದಲ್ಲೂ ಬೇರೆ. ಯಾರ ಕೈಯಿಂದ ತೆಗೆಸಬೇಕು ಅನ್ನೋ ಪ್ರಶ್ನೆಗೆ ಸಿಕ್ಕ ಉತ್ತರ ಹೆಚ್ಚುಕಮ್ಮಿ ಒಂದೇ ಥರ, ಅದು ಅಷ್ಟು ಹಿತವಾದದ್ದಲ್ಲ. ಅದಕ್ಕೆ ಕೊನೆಗೆ ಬರ್ತೀನಿ.

ಮೊದಲು ಕೊಯ್ಯೋದು. ಕ್ರಿಸ್ತಪೂರ್ವ ಐದನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನ ಪೂಜಾರಿಗಳ ಬಗ್ಗೆ ಬರೀತಾ, ಅವರು ದಿನ ಬಿಟ್ಟು ದಿನ ಇಡೀ ಮೈ ಬೋಳಿಸಿಕೊಳ್ತಾರೆ ಅಂತ ಹೇಳಿದಾನೆ. ಕಾರಣವನ್ನೂ ಕೊಟ್ಟಿದಾನೆ: ದೇವರ ಸೇವೆಗೆ ನಿಂತಾಗ ಮೈಮೇಲೆ ಹೇನು ಇರಬಾರದು. ಅಂದರೆ ಅಲ್ಲಿ ಮೈಕೂದಲು ಇಲ್ಲದ ಗಂಡಸು ಅಂದ್ರೆ ಊರಿನ ಅತಿ ಗೌರವದ ಗಂಡಸು. ನಮ್ಮ ಕಡೆ ಇನ್ನೂ ಹಿಂದಕ್ಕೆ ಹೋದರೆ, ಹರಪ್ಪದ ಉತ್ಖನನದಲ್ಲಿ ಚಿಮಟ, ಚುಚ್ಚುಗಡ್ಡಿ, ಕಿವಿಗುಗ್ಗೆ ಕಡ್ಡಿ ಒಟ್ಟಿಗೆ ಪೋಣಿಸಿದ ತಾಮ್ರದ ಸೆಟ್ಟು ಸಿಕ್ಕಿದೆ. ಸುಮಾರು ನಾಲ್ಕೂವರೆ ಸಾವಿರ ವರ್ಷ ಹಳೇ ನಗರದ ಜನ ಬಳಸ್ತಿದ್ದ ಆ ವಸ್ತುವನ್ನ ಇವತ್ತಿನ ಸಂತೆಯಲ್ಲಿಟ್ಟರೂ ಯಾರೂ ಇದೇನು ಅಂತ ಕೇಳಲ್ಲ.

ನಮ್ಮಂಥ ನಗರವಾಸಿಗಳಿಗೆ ಹೆಚ್ಚು ಹತ್ತಿರದವನು ವಾತ್ಸ್ಯಾಯನನ ನಾಗರಕ. ಸುಮಾರು ಮೂರನೇ ಶತಮಾನದ ಕಾಮಸೂತ್ರ ಅಂದ ತಕ್ಷಣ ಎಲ್ಲರೂ ಭಂಗಿಗಳ ಅಧ್ಯಾಯಕ್ಕೆ ಓಡ್ತಾರೆ. ಅದಕ್ಕಿಂತ ಮುಂಚೆ, ಪಟ್ಟಣದಲ್ಲಿ ನೆಲೆಸಿ ನಾಲ್ಕು ಕಾಸು ಸಂಪಾದಿಸಿದ ಗಂಡಸು ದಿನ ಹೇಗೆ ಕಳೀಬೇಕು ಅನ್ನೋ ಅಧ್ಯಾಯ ಒಂದಿದೆ. ಅದರಲ್ಲೊಂದು ಟೈಮ್‌ಟೇಬಲ್ಲೇ ಇದೆ. ಸ್ನಾನ ದಿನಾ. ಮೈ ತಿಕ್ಕಿಸಿಕೊಳ್ಳೋದು ದಿನ ಬಿಟ್ಟು ದಿನ. ನೊರೆ ಬರೋ ಪದಾರ್ಥದಿಂದ ತೊಳೆಯೋದು ಮೂರು ದಿನಕ್ಕೊಮ್ಮೆ. ಮುಖಕ್ಷೌರ ನಾಲ್ಕು ದಿನಕ್ಕೊಮ್ಮೆ. ಉಳಿದ ಭಾಗದ ಕೂದಲು ತೆಗೆಯೋದು ಐದು ಅಥವಾ ಹತ್ತು ದಿನಕ್ಕೊಮ್ಮೆ. ನಮ್ಮ ಆಫೀಸಿನಲ್ಲಿ ಕ್ಯಾಲೆಂಡರ್ ರಿಮೈಂಡರ್ ಹಾಕಿಕೊಂಡು ಬದುಕೋ ಎಷ್ಟೋ ಜನಕ್ಕಿಂತ ಈತ ಶಿಸ್ತಿನವನು. ಇದರ ಬಗ್ಗೆ ವಾತ್ಸ್ಯಾಯನ ಸಮರ್ಥನೆಗೂ ಇಳಿಯಲ್ಲ, ಗೇಲಿಗೂ ಇಳಿಯಲ್ಲ. ಹಲ್ಲುಜ್ಜೋದರ ಬಗ್ಗೆ ಹೇಳಿದಷ್ಟೇ ಸಹಜವಾಗಿ ಹೇಳಿ ಮುಂದೆ ಹೋಗ್ತಾನೆ.

ಎರಡನೇದು ಕೀಳೋದು. ಇದರ ಗದ್ದಲ ಕೇಳಬೇಕು ಅಂದ್ರೆ ಒಂದನೇ ಶತಮಾನದ ರೋಮ್‌ಗೆ ಹೋಗಬೇಕು. ಅಲ್ಲಿನ ತತ್ವಜ್ಞಾನಿ ಸೆನೆಕಾ ಸಾರ್ವಜನಿಕ ಸ್ನಾನಗೃಹದ ಮೇಲೆ ಮನೆ ಹಿಡಿದಿದ್ದ. ಜಿಮ್ ಮೇಲಿನ ಪೀಜಿಯಲ್ಲಿ ಇದ್ದೋರಿಗೆ ಅವನ ಕಷ್ಟ ಅರ್ಥ ಆಗುತ್ತೆ. ಕೆಳಗಡೆ ಸೀಸದ ತೂಕ ಎತ್ತಿ ಹೂಂಕರಿಸೋರು, ಧಡಾರಂತ ನೀರಿಗೆ ಹಾರೋರು, ಅವರ ಮಧ್ಯೆ ಕೀರಲು ದನಿಯಲ್ಲಿ ಗಿರಾಕಿ ಕೂಗೋ ಕಂಕುಳ ಕೂದಲು ಕೀಳೋನು. ಅವನು ಬಾಯಿ ಮುಚ್ಚೋದು ಕೆಲಸ ಶುರುವಾದಾಗ ಮಾತ್ರ, ಆಗ ಅವನ ಬದಲು ಗಿರಾಕಿ ಕಿರುಚ್ತಾನೆ ಅಂತ ಸೆನೆಕಾ ತನ್ನ ಪತ್ರವೊಂದರಲ್ಲಿ ಬರೀತಾನೆ. ಕಂಕುಳು ಕೀಳೋದಕ್ಕೇ ಮೀಸಲಾದ ಒಂದು ಕಸುಬು, ಅದಕ್ಕೆ ಅಲಿಪಿಲಸ್ ಅಂತ ಒಂದು ಹೆಸರು ಅಲ್ಲಿತ್ತು.

ಆಳೋರೂ ಇದರಿಂದ ಹೊರತಲ್ಲ. ಸ್ಯೂಟೋನಿಯಸ್ ಬರೆದ ಜೀವನಚರಿತ್ರೆಗಳ ಪ್ರಕಾರ ಜೂಲಿಯಸ್ ಸೀಸರ್ ಮೈಮೇಲಿನ ಬೇಡದ ಕೂದಲು ಕೀಳಿಸಿಕೊಳ್ತಿದ್ದ, ಓಥೋ ಇಡೀ ಮೈಯನ್ನೇ ನುಣುಪು ಮಾಡಿಸಿಕೊಂಡಿದ್ದ. ಇನ್ನು ಪ್ಲಿನಿ ಅನ್ನೋ ಪಂಡಿತ ಮರದ ರಾಳದ ಉಪಯೋಗಗಳನ್ನ ಪಟ್ಟಿ ಮಾಡ್ತಾ, ಅದು ಈಗ ಹೆಚ್ಚಾಗಿ ಬಳಕೆಯಾಗ್ತಿರೋದು ಗಂಡಸರ ಮೈಕೂದಲು ಕೀಳೋಕೆ, ಹೇಳೋಕೇ ನಾಚಿಕೆ ಅಂತ ಗೊಣಗ್ತಾನೆ. ಇವತ್ತಿನ ವ್ಯಾಕ್ಸಿಂಗ್‌ನ ಪೂರ್ವಜ ಇದೇ ರಾಳ. ಪ್ಲಿನಿಯ ಗೊಣಗಾಟದ ಪೂರ್ವಜರು ಇನ್ನೂ ಹಳಬರಿರಬೇಕು.

ಸೆನೆಕಾ ಇನ್ನೊಂದು ಪತ್ರದಲ್ಲಿ ಇಬ್ಬರನ್ನ ಅಕ್ಕಪಕ್ಕ ನಿಲ್ಲಿಸಿ ಇಬ್ಬರನ್ನೂ ಬೈತಾನೆ. ಒಬ್ಬ ಕಾಲಿನ ಕೂದಲೂ ಕೀಳಿಸ್ತಾನೆ, ಇನ್ನೊಬ್ಬ ಕಂಕುಳದ್ದೂ ಕೀಳಿಸಲ್ಲ. ಮೊದಲನೆಯವನದು ಅತಿಯಾಯ್ತು, ಎರಡನೆಯವನದು ಕೊಳಕಾಯ್ತು. ಅಂದ್ರೆ ಮರ್ಯಾದಸ್ಥ ರೋಮನ್ ಗಂಡಸಿನ ಗೆರೆ ಕಂಕುಳು ಮತ್ತು ಕಾಲಿನ ಮಧ್ಯೆ ಎಲ್ಲೋ ಇತ್ತು. ನಮ್ಮ ಊಟದ ಟೇಬಲ್ ಮೇಲೂ ಅಂಥದ್ದೇ ಒಂದು ಗೆರೆ ಇದೆ: ಗಡ್ಡ ಟ್ರಿಮ್ ಮಾಡಿಸೋನು ಸ್ಮಾರ್ಟ್, ಎದೆ ಟ್ರಿಮ್ ಮಾಡಿಸೋನು ತಮಾಷೆಯ ವಸ್ತು. ಗೆರೆ ಎಲ್ಲಿದೆ ಅನ್ನೋದು ಬದಲಾಗುತ್ತೆ, ಗೆರೆಯ ಆಚೆ ಈಚೆ ಇರೋರನ್ನ ನೋಡಿ ನಗೋ ಚಾಳಿ ಬದಲಾಗಲ್ಲ.

ಇದೇ ಕೀಳೋ ಕ್ರಿಯೆಗೆ ಪೂರಾ ತಿರುಗುಮುರುಗು ಅರ್ಥ ಕೊಟ್ಟ ಜಾಗ ನಮ್ಮೂರಿನ ಹತ್ತಿರಾನೇ ಇದೆ. ಶ್ರವಣಬೆಳಗೊಳ ನಮ್ಮ ತಾಲ್ಲೂಕಿಗೇ ಸೇರಿದ್ದು. ಅಲ್ಲಿಗೆ ಬರೋ ದಿಗಂಬರ ಮುನಿಗಳು ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ತಲೆ, ಗಡ್ಡ, ಮೀಸೆಯ ಕೂದಲನ್ನ ತಮ್ಮ ಕೈಯಿಂದಲೇ ಕಿತ್ತು ತೆಗೀತಾರೆ. ಅದಕ್ಕೆ ಕೇಶಲೋಚ ಅಂತ ಹೆಸರು. ಇಲ್ಲಿ ವಿಷಯ ಮೈಯ ನುಣುಪಲ್ಲ, ದೇಹದ ಮೇಲಿನ ಮೋಹ ಬಿಡೋದು. ಕತ್ತಿ ಬೇಕು ಅಂದ್ರೆ ಅದನ್ನ ಇಟ್ಟುಕೊಳ್ಳಬೇಕು, ಕ್ಷೌರದವರು ಬೇಕು ಅಂದ್ರೆ ಅವರಿಗೆ ಕೊಡೋಕೆ ದುಡ್ಡು ಬೇಕು. ಏನನ್ನೂ ಇಟ್ಟುಕೊಳ್ಳದ, ಯಾರನ್ನೂ ಅವಲಂಬಿಸದ ಸನ್ಯಾಸಿಗೆ ಉಳಿಯೋ ಉಪಕರಣ ಎರಡು ಕೈ ಮಾತ್ರ. ರೋಮಿನ ಶ್ರೀಮಂತ ಚಂದ ಕಾಣೋಕೆ ಕಿರುಚುತ್ತಾ ಮಾಡಿಸಿಕೊಂಡ ಕೆಲಸವನ್ನ ಇವರು ಚಂದದ ಆಸೆ ಬಿಟ್ಟು, ಸದ್ದಿಲ್ಲದೆ ಮಾಡಿಕೊಳ್ತಾರೆ.

ಕೊಯ್ಯೋದು, ಕೀಳೋದು ಎರಡನ್ನೂ ಶಾಸ್ತ್ರದೊಳಗೆ ಇಟ್ಟುಕೊಂಡ ಇನ್ನೊಂದು ಪರಂಪರೆ ಇಸ್ಲಾಂ. ಉಗುರು ಕತ್ತರಿಸೋದು, ಮೀಸೆ ಟ್ರಿಮ್ ಮಾಡೋದರ ಜೊತೆಗೆ ಕಂಕುಳ ಕೂದಲು ಕೀಳೋದು, ಹೊಕ್ಕುಳ ಕೆಳಗಿನದು ಬೋಳಿಸೋದು ಕೂಡ ಮನುಷ್ಯನ ಸಹಜ ಶುಚಿತ್ವದ ಭಾಗ ಅಂತ ಹದೀಸ್‌ಗಳು ಹೇಳ್ತವೆ. ನಲವತ್ತು ದಿನ ಮೀರಿ ಬಿಡಬಾರದು ಅನ್ನೋ ಗಡುವೂ ಇದೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು ಬೀದರಿನವನು. ನಮ್ಮ ರೂಮಿನಲ್ಲಿ ಉಳಿದವರೆಲ್ಲ "ಗಂಡಸರು ಇದನ್ನೆಲ್ಲ ಮಾಡ್ತಾರಾ" ಅಂತ ಚರ್ಚೆ ಮಾಡ್ತಿದ್ದಾಗ ಅವನು ತಣ್ಣಗೆ ಹೇಳಿದ್ದ: "ನಮ್ಮ ಮನೇಲಿ ಹುಡುಗ್ರಿಗೆ ಹದಿನಾಲ್ಕಕ್ಕೇ ಹೇಳಿಕೊಡ್ತಾರಪ್ಪ, ನಿಮ್ಮ ಮನೇಲಿ ಯಾರೂ ಹೇಳ್ಲಿಲ್ವಾ?" ನಿಜಕ್ಕೂ ಯಾರೂ ಹೇಳಿರಲಿಲ್ಲ. ಒಂದೇ ದೇಶದಲ್ಲಿ, ಒಂದೇ ರೂಮಿನಲ್ಲಿ, ಒಬ್ಬನಿಗೆ ಅದು ಧರ್ಮ, ಇನ್ನೊಬ್ಬನಿಗೆ ಗುಟ್ಟು.

ಮೂರನೇದು ಕರಗಿಸೋದು. ನನಗೆ ಇದರ ಕತೆ ಎಲ್ಲಕ್ಕಿಂತ ಇಷ್ಟ, ಯಾಕಂದ್ರೆ ಇದರಲ್ಲಿ ರಸಾಯನಶಾಸ್ತ್ರ ಇದೆ. ಸುಶ್ರುತ ಸಂಹಿತೆಯಲ್ಲಿ ಗಾಯಗಳ ಚಿಕಿತ್ಸೆಯ ಅಧ್ಯಾಯದಲ್ಲಿ ಕೂದಲು ತೆಗೆಯೋದೂ ಒಂದು ಕ್ರಮ. ಕೂದಲಿನಿಂದಾಗಿ ಗಾಯ ಸರಿಯಾಗಿ ಕೂಡಿಕೊಳ್ತಿಲ್ಲ ಅಂದ್ರೆ ಕತ್ತಿ, ಕತ್ತರಿ ಅಥವಾ ಚಿಮಟದಿಂದ ತೆಗೀಬೇಕು ಅನ್ನುತ್ತೆ. ಅದರ ಜೊತೆಗೇ ಒಂದು ಲೇಪವನ್ನೂ ಹೇಳುತ್ತೆ: ಎರಡು ಪಾಲು ಶಂಖದ ಪುಡಿ, ಒಂದು ಪಾಲು ಹರಿತಾಳ, ಹುಳಿ ಬಂದ ದ್ರವದಲ್ಲಿ ಅರೆದು ಹಚ್ಚೋದು. ಶಂಖವನ್ನ ಸುಟ್ಟರೆ ಬರೋದು ಸುಣ್ಣ. ಹರಿತಾಳ ಅಂದ್ರೆ ಹಳದಿ ಬಣ್ಣದ ಖನಿಜ, ಅದರಲ್ಲಿರೋದು ಆರ್ಸೆನಿಕ್ ಮತ್ತು ಗಂಧಕ.

ಇದೇ ಜೋಡಿ, ಸುಣ್ಣ ಮತ್ತು ಹರಿತಾಳ, ಪಶ್ಚಿಮ ಏಷ್ಯಾದ ಹಮಾಮುಗಳಲ್ಲೂ ಶತಮಾನಗಟ್ಟಲೆ ಬಳಕೆಯಲ್ಲಿತ್ತು. ಅರಬರು, ಪರ್ಷಿಯನ್ನರು ಇದನ್ನ ನೂರಾ ಅಂದರು. ತುರ್ಕಿಯಲ್ಲಿ ಇಂಥದ್ದೇ ಲೇಪಕ್ಕೆ ರುಸ್ಮಾ ಅಂತಿದ್ದರು, ಹದಿನಾರನೇ ಶತಮಾನದಲ್ಲಿ ಅಲ್ಲಿ ಸುತ್ತಾಡಿದ ಫ್ರೆಂಚ್ ಪಂಡಿತ ಪಿಯರ್ ಬೆಲೋನ್ ಅದರ ಬಗ್ಗೆ ಬರೆದಿದಾನೆ. ಗಂಡಸರು ಹೆಂಗಸರು ಇಬ್ಬರೂ ಬಳಸ್ತಿದ್ದರು. ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚರ್ಮ ಉರಿಯೋಕೆ ಮುಂಚೆ ತೊಳೆದುಬಿಡಬೇಕು. ಹಮಾಮಿನ ಸಂಸ್ಕೃತಿ ದಖ್ಖನ್ನಿಗೂ ಬಂತು. ಬೀದರ್ ಕೋಟೆಯೊಳಗಿನ ವಸ್ತುಸಂಗ್ರಹಾಲಯ ಇರೋದೇ ಹಳೇ ಶಾಹಿ ಹಮಾಮಿನ ಕಟ್ಟಡದಲ್ಲಿ.

ಲೇಪ ಕೆಲಸ ಮಾಡೋದು ಹೇಗೆ? ಕೂದಲು ಅಂದ್ರೆ ಕೆರಾಟಿನ್ ಅನ್ನೋ ಪ್ರೋಟೀನಿನ ಎಳೆಗಳು. ಆ ಎಳೆಗಳನ್ನ ಒಂದಕ್ಕೊಂದು ಬಿಗಿದಿರೋದು ಗಂಧಕದ ಕೊಂಡಿಗಳು. ಸುಣ್ಣದ ಪ್ರಬಲ ಕ್ಷಾರದಲ್ಲಿ ಕೂದಲು ಉಬ್ಬುತ್ತೆ, ಸುಣ್ಣ ಹರಿತಾಳ ಸೇರಿದಾಗ ಹುಟ್ಟೋ ಸಲ್ಫೈಡ್ ಆ ಕೊಂಡಿಗಳನ್ನ ಕಡಿಯುತ್ತೆ. ಕೂದಲು ಬೆಣ್ಣೆಯ ಹಾಗೆ ಮೆತ್ತಗಾಗಿ ಒರೆಸಿದರೆ ಬಂದುಬಿಡುತ್ತೆ. ಕೊಳೆತ ಮೊಟ್ಟೆ ವಾಸನೆ ಬರೋದೂ ಅದೇ ಗಂಧಕದಿಂದ. ತೊಂದರೆ ಏನಂದ್ರೆ ನಮ್ಮ ಚರ್ಮದ ಮೇಲ್ಪದರವೂ ಕೆರಾಟಿನ್ನೇ. ಕೂದಲಿಗೆ ಐದು ನಿಮಿಷ ಸಾಕಾದರೆ ಚರ್ಮಕ್ಕೆ ಇನ್ನೊಂದಿಷ್ಟು ನಿಮಿಷ ಸಾಕು. 1930ರ ದಶಕದ ಕೊನೆ ಹೊತ್ತಿಗೆ ವಿಷದ ಹರಿತಾಳವೂ ಬೇಡ, ಅಷ್ಟು ವಾಸನೆಯೂ ಬೇಡ ಅಂತ ಥಯೋಗ್ಲೈಕೊಲೇಟ್ ಅನ್ನೋ ಗಂಧಕದ ಸಂಯುಕ್ತ ಬಳಕೆಗೆ ಬಂತು. ಇವತ್ತು ಅಂಗಡಿಯಲ್ಲಿ ಸಿಗೋ ಕ್ರೀಮಿನ ಟ್ಯೂಬ್ ತಿರುಗಿಸಿ ಓದಿ, ಆ ಹೆಸರು ಕಾಣುತ್ತೆ. ಜೊತೆಗೆ ಇಷ್ಟು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ ಅನ್ನೋ ಸಾಲೂ ಇರುತ್ತೆ. ಹಮಾಮಿನವರು ಹೇಳ್ತಿದ್ದದ್ದೂ ಅದನ್ನೇ.

ಈ ರಸಾಯನ ಗೊತ್ತಿದ್ದ ಇನ್ನೊಂದು ಜನ ನಮ್ಮೂರುಗಳಲ್ಲೇ ಇದ್ದರು. ಹಸಿ ತೊಗಲನ್ನ ಸುಣ್ಣದ ತೊಟ್ಟಿಯಲ್ಲಿ ದಿನಗಟ್ಟಲೆ ನೆನೆಸಿ, ಕೂದಲು ಸಡಿಲವಾದ ಮೇಲೆ ಹೆರೆದು ತೆಗೆದು, ಆಮೇಲೆ ತಂಗಡಿ ತೊಗಟೆಯಲ್ಲಿ ಹದ ಮಾಡ್ತಿದ್ದವರು. ಸುಣ್ಣ ಕೂದಲಿನ ಬುಡವನ್ನ ಏನು ಮಾಡುತ್ತೆ, ಎಷ್ಟು ದಿನಕ್ಕೆ ಮಾಡುತ್ತೆ, ಯಾವಾಗ ನಿಲ್ಲಿಸದಿದ್ದರೆ ತೊಗಲೇ ಹಾಳಾಗುತ್ತೆ ಅನ್ನೋದು ಅವರ ಕೈಬೆರಳಿಗೆ ಗೊತ್ತಿತ್ತು. ಅದೇ ಜ್ಞಾನ ಗ್ರಂಥದಲ್ಲಿದ್ದರೆ ವೈದ್ಯ ಆಯಿತು, ಹಮಾಮಿನಲ್ಲಿದ್ದರೆ ವೈಭೋಗ ಆಯಿತು, ನಮ್ಮೂರಿನ ತೊಟ್ಟಿಯಲ್ಲಿದ್ದಾಗ ಮಾತ್ರ ಅದನ್ನ ಬಲ್ಲವರ ಮನೆ ಊರಾಚೆ ಇತ್ತು.

ನಾಲ್ಕನೇದು ಸುಡೋದು. ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್ ಕೆಂಡದಂತೆ ಕಾದ ಆಕ್ರೋಟಿನ ಚಿಪ್ಪಿನಿಂದ ಕಾಲಿನ ಕೂದಲು ಸುಟ್ಟುಕೊಳ್ತಿದ್ದ, ಹಾಗೆ ಮಾಡಿದರೆ ಮತ್ತೆ ಬರೋ ಕೂದಲು ಮೆತ್ತಗಿರುತ್ತೆ ಅಂತ ನಂಬಿದ್ದ ಅನ್ನೋ ಆರೋಪವನ್ನ ಅದೇ ಸ್ಯೂಟೋನಿಯಸ್ ದಾಖಲಿಸಿದಾನೆ. ಆದರೆ ಮೇಲ್ಗಡೆ ಸುಟ್ಟರೆ ಬುಡ ಹಾಗೇ ಇರುತ್ತೆ. ಬುಡಕ್ಕೇ ಕೈ ಹಾಕೋಕೆ 1875ರವರೆಗೆ ಕಾಯಬೇಕಾಯ್ತು. ಆ ವರ್ಷ ಅಮೆರಿಕದ ಸೇಂಟ್ ಲೂಯಿಸ್‌ನ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್, ರೆಪ್ಪೆಯ ಕೂದಲು ಒಳಮುಖವಾಗಿ ಬೆಳೆದು ಕಣ್ಣಿಗೆ ಉಜ್ಜುತ್ತಿದ್ದ ರೋಗಿಗಳಿಗೆ ಸೂಜಿಯ ಮೂಲಕ ವಿದ್ಯುತ್ ಹರಿಸಿ ಬುಡವನ್ನ ನಾಶ ಮಾಡೋ ವಿಧಾನ ಪ್ರಕಟಿಸಿದ. ಎಲೆಕ್ಟ್ರಾಲಿಸಿಸ್ ಅನ್ನೋದು ಹುಟ್ಟಿದ್ದು ಅಲಂಕಾರಕ್ಕಲ್ಲ, ಕಣ್ಣು ಉಳಿಸೋಕೆ.

ಅದರ ಮುಂದಿನ ಹೆಜ್ಜೆ ಮಾತ್ರ ಭಯಂಕರ. ರಾಂಟ್‌ಜೆನ್ 1895ರ ನವೆಂಬರ್‌ನಲ್ಲಿ ಎಕ್ಸ್-ರೇ ಕಂಡುಹಿಡಿದ. ಅದಕ್ಕೆ ಒಡ್ಡಿಕೊಂಡ ಜಾಗದಲ್ಲಿ ಕೂದಲು ಉದುರುತ್ತೆ ಅಂತ ಗೊತ್ತಾದ ಮರುಕ್ಷಣವೇ ಅದನ್ನ ಉಪಯೋಗಕ್ಕೆ ತಂದರು. 1896ರಲ್ಲೇ ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್ ಒಬ್ಬ ಪುಟ್ಟ ಹುಡುಗಿಯ ಬೆನ್ನಿನ ಕೂದಲಿಗೆ ಎಕ್ಸ್-ರೇ ಚಿಕಿತ್ಸೆ ಕೊಟ್ಟ. 1920ರ ದಶಕದ ಅಮೆರಿಕದಲ್ಲಿ ಬ್ಯೂಟಿ ಪಾರ್ಲರುಗಳೇ ಎಕ್ಸ್-ರೇ ಯಂತ್ರ ಇಟ್ಟುಕೊಂಡು ಕೂದಲು ಉದುರಿಸಿದವು. ಆಮೇಲೆ ಚರ್ಮ ಸುಕ್ಕುಗಟ್ಟಿತು, ಹುಣ್ಣಾಯಿತು, ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ಬಂತು. ಟೆಸ್ಟಿಂಗ್ ಇಲ್ಲದೆ ನೇರ ಪ್ರೊಡಕ್ಷನ್‌ಗೆ ಬಿಟ್ಟರೆ ಏನಾಗುತ್ತೆ ಅಂತ ನಮ್ಮ ಕಸುಬಿನವರಿಗೆ ಬೇರೆ ಹೇಳಬೇಕಾಗಿಲ್ಲ. ಇಲ್ಲಿ ಕ್ರ್ಯಾಶ್ ಆಗಿದ್ದು ಸರ್ವರ್ ಅಲ್ಲ, ಮನುಷ್ಯರ ಮುಖ.

ಈಗಿನ ಲೇಸರ್ ಆ ಜಾತಿಯದ್ದಲ್ಲ. ಅದು ಬೆಳಕು ಅಷ್ಟೇ. 1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಅನ್ನೋ ಅಮೆರಿಕದ ವೈದ್ಯರು ಒಂದು ಸಿದ್ಧಾಂತ ಮುಂದಿಟ್ಟರು: ಸರಿಯಾದ ತರಂಗಾಂತರ, ಸರಿಯಾದ ಅವಧಿ ಆರಿಸಿದರೆ ಸುತ್ತಲಿನ ಚರ್ಮಕ್ಕೆ ಏಟಾಗದ ಹಾಗೆ ಬಣ್ಣ ಇರೋ ಗುರಿಯನ್ನ ಮಾತ್ರ ಬಿಸಿ ಮಾಡಬಹುದು. ಕೂದಲಿನ ವಿಷಯದಲ್ಲಿ ಆ ಗುರಿ ಅಂದ್ರೆ ಮೆಲನಿನ್, ಕಪ್ಪು ಬಣ್ಣ. ತೊಂಬತ್ತರ ದಶಕದಲ್ಲಿ ಇದು ಚಿಕಿತ್ಸೆಯಾಗಿ ಬಂತು. ಮೊದಲು ಬಂದ ರೂಬಿ ಲೇಸರ್‌ನ ತರಂಗಾಂತರ 694 ನ್ಯಾನೋಮೀಟರ್. ಬಿಳಿ ಚರ್ಮ, ಕಪ್ಪು ಕೂದಲು ಇರೋರಿಗೆ ಅದು ಸರಿ. ಚರ್ಮದಲ್ಲೇ ಮೆಲನಿನ್ ತುಂಬಿರೋ ನಮ್ಮಂಥವರಿಗೆ ಆ ಬೆಳಕು ಕೂದಲಿನ ಬುಡ ಮುಟ್ಟೋ ಮುಂಚೆ ಚರ್ಮವನ್ನೇ ಸುಡಬಲ್ಲದು. ಕಂದು, ಕಪ್ಪು ಚರ್ಮಕ್ಕೆ ಹೆಚ್ಚು ಸುರಕ್ಷಿತ ಅನ್ನಿಸಿಕೊಂಡಿರೋದು 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಲೇಸರ್. ಅದು ಆಳಕ್ಕೆ ಇಳಿಯುತ್ತೆ, ಮೇಲ್ಪದರದ ಮೆಲನಿನ್ ಅದನ್ನ ಕಮ್ಮಿ ಹೀರುತ್ತೆ. ಹಾಗಾಗಿ ಕ್ಲಿನಿಕ್‌ಗೆ ಹೋಗೋರು ಆಫರ್ ಎಷ್ಟು ಪರ್ಸೆಂಟ್ ಅಂತ ಕೇಳೋ ಮುಂಚೆ, ಯಾವ ಲೇಸರ್, ನನ್ನ ಚರ್ಮಕ್ಕೆ ಆಗುತ್ತಾ, ಮಾಡೋರು ಯಾರು ಅಂತ ಕೇಳಬೇಕು. ಒಂದೇ ಸಲಕ್ಕೆ ಮುಗಿಯಲ್ಲ, ಯಾಕಂದ್ರೆ ಆ ಹೊತ್ತಿಗೆ ಬೆಳೀತಿರೋ ಕೂದಲಿಗೆ ಮಾತ್ರ ಏಟು ಬೀಳುತ್ತೆ. ಬೆಳ್ಳಗಾದ ಕೂದಲಿಗೆ ಕೆಲಸವೇ ಮಾಡಲ್ಲ. ಇನ್ನು ಜಾಹೀರಾತು "ಶಾಶ್ವತ ನಿರ್ಮೂಲನೆ" ಅಂದರೂ ಅಮೆರಿಕದ ಔಷಧ ನಿಯಂತ್ರಕರು ಬಳಸೋ ಪದ "ಶಾಶ್ವತ ಇಳಿಕೆ".

ಹಾಗಾದರೆ ಇದು ಹೆಂಗಸರ ಕೆಲಸ ಅನ್ನೋ ಮಾತು ಎಲ್ಲಿಂದ ಬಂತು? ಅದರ ದೊಡ್ಡ ಪಾಲು ಬಂದಿದ್ದು ಮಾರುಕಟ್ಟೆಯಿಂದ. ಗಿಲ್ಲೆಟ್ ತನ್ನ ಸೇಫ್ಟಿ ರೇಜರ್‌ಗೆ 1904ರಲ್ಲಿ ಪೇಟೆಂಟ್ ಪಡೆದು ಗಂಡಸರ ಗಡ್ಡವನ್ನ ಮಾರುಕಟ್ಟೆ ಮಾಡಿಕೊಂಡ. 1915ರಲ್ಲಿ ಅದೇ ಕಂಪನಿ ಹೆಂಗಸರಿಗಾಗಿ ಪುಟ್ಟದೊಂದು ಚಿನ್ನದ ಬಣ್ಣದ ರೇಜರ್ ತಂತು. ತೋಳಿಲ್ಲದ ಉಡುಪಿನ ಫ್ಯಾಷನ್ ಜೊತೆ ಅಮೆರಿಕದ ಪತ್ರಿಕೆಗಳಲ್ಲಿ ಕಂಕುಳ ಕೂದಲಿನ ಜಾಹೀರಾತುಗಳೂ ಬಂದವು. ಅಲ್ಲಿಂದ ಮುಂದೆ ಪೆಟ್ಟಿಗೆಗಳು ಬೇರೆಯಾದವು: ಗಂಡಸಿಗೆ ಮುಖ, ಹೆಂಗಸಿಗೆ ಮೈ. ಸಾವಿರಾರು ವರ್ಷ ಇಬ್ಬರೂ ಹಂಚಿಕೊಂಡಿದ್ದ ಲೇಪ ಹೆಂಗಸಿನ ಚಿತ್ರ ಇರೋ ಟ್ಯೂಬ್ ಒಳಗೆ ಸೇರಿತು. ನಮ್ಮಲ್ಲಿ ಟಿವಿ, ವಾರಪತ್ರಿಕೆ ನೋಡಿ ಬೆಳೆದ ತಲೆಮಾರು ಆ ವಿಂಗಡಣೆಯನ್ನೇ ಸನಾತನ ಸತ್ಯ ಅಂದುಕೊಂಡಿತು.

ಗಂಡಸರನ್ನ ಮತ್ತೆ ಈ ಕಡೆ ಎಳೆದದ್ದು ಮೊದಲು ಆಟದ ಮೈದಾನ, ಸರಿಯಾಗಿ ಹೇಳೋದಾದರೆ ಈಜುಕೊಳ. ಐವತ್ತರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಹೆನ್ರಿಕ್ಸ್ ಸ್ಪರ್ಧೆಗೆ ಮುಂಚೆ ಮೈ ಬೋಳಿಸಿಕೊಳ್ಳೋದನ್ನ ಶುರು ಮಾಡಿದವರಲ್ಲಿ ಮೊದಲಿಗ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್‌ನ ಮೂರೂ ಪದಕ ಆಸ್ಟ್ರೇಲಿಯಾದ ಗಂಡಸರಿಗೆ ಬಂತು, ಚಿನ್ನ ಹೆನ್ರಿಕ್ಸ್‌ಗೆ. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೈ ಬೋಳಿಸಿಕೊಂಡ ಮೇಲೆ ಅದೇ ವೇಗದಲ್ಲಿ ಈಜಿದಾಗ ರಕ್ತದಲ್ಲಿ ಲ್ಯಾಕ್ಟೇಟ್ ಕಮ್ಮಿ ಇತ್ತು, ಅಂದ್ರೆ ಶ್ರಮ ಕಮ್ಮಿಯಾಗಿತ್ತು. 1994ರಲ್ಲಿ ಮಾರ್ಕ್ ಸಿಂಪ್ಸನ್ ಅನ್ನೋ ಬ್ರಿಟಿಷ್ ಪತ್ರಕರ್ತ "ಮೆಟ್ರೋಸೆಕ್ಷುಯಲ್" ಪದ ಹುಟ್ಟುಹಾಕಿದ. ವಾತ್ಸ್ಯಾಯನನ ನಾಗರಕನಿಗೆ ಇಂಗ್ಲಿಷ್ ಹೆಸರು ಸಿಗೋಕೆ ಅಷ್ಟು ಶತಮಾನ ಹಿಡೀತು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಎಲ್ಲರೂ ತೆಗೆಯಲೇಬೇಕು ಅಂತಲ್ಲ. ಕೂದಲು ತೆಗೆಯೋದು ಯಾವಾಗಲೂ ಶುಚಿ, ಯಾವಾಗಲೂ ಒಳ್ಳೇದು ಅನ್ನೋ ನಂಬಿಕೆಗೂ ಏಟು ಕೊಟ್ಟ ಅಧ್ಯಯನ ಇದೆ. ಆಪರೇಷನ್‌ಗೆ ಮುಂಚಿನ ದಿನ ರೇಜರ್‌ನಿಂದ ಬೋಳಿಸೋದು ದಶಕಗಟ್ಟಲೆ ಎಲ್ಲ ಕಡೆ ವಾಡಿಕೆಯಾಗಿತ್ತು. ನಮ್ಮಪ್ಪನ ಹರ್ನಿಯಾ ಆಪರೇಷನ್ ಹಿಂದಿನ ರಾತ್ರಿ ವಾರ್ಡಿಗೆ ಒಬ್ಬರು ಬ್ಲೇಡ್ ಹಿಡಿದು ಬಂದಿದ್ದು ನನಗೆ ನೆನಪಿದೆ. 1971ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಲೆಕ್ಕ ಹಾಕಿ ನೋಡಿದರು: ರೇಜರ್‌ನಿಂದ ಬೋಳಿಸಿದವರಲ್ಲಿ ಗಾಯಕ್ಕೆ ಸೋಂಕು ತಗುಲಿದ್ದು ಶೇ 5.6 ಜನಕ್ಕೆ. ಕ್ರೀಮ್ ಹಚ್ಚಿ ತೆಗೆದವರಲ್ಲಿ, ಏನೂ ತೆಗೆಯದೇ ಬಿಟ್ಟವರಲ್ಲಿ ಶೇ 0.6. ಬ್ಲೇಡ್ ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರುಗಳನ್ನ ಮಾಡುತ್ತೆ, ರಾತ್ರಿಯೆಲ್ಲ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಹೇಳಿರೋದು ಸ್ಪಷ್ಟವಾಗಿದೆ: ಆಪರೇಷನ್‌ಗೆ ಕೂದಲು ತೆಗೆಯಬೇಡಿ, ತೆಗೆಯಲೇಬೇಕಾದರೆ ಕ್ಲಿಪ್ಪರ್ ಬಳಸಿ, ರೇಜರ್ ಬೇಡವೇ ಬೇಡ. ನಿಮ್ಮ ಮನೆಯವರು ಯಾರಾದರೂ ಆಪರೇಷನ್‌ಗೆ ಹೋಗೋವಾಗ ಇದನ್ನ ಒಂದು ಮಾತು ಕೇಳಿ. ಮನೆಯಲ್ಲೇ ಕೂದಲು ತೆಗೆಯೋರಿಗೂ ಇದೇ ಪಾಠ: ಒತ್ತಿ ಬೋಳಿಸೋದಕ್ಕಿಂತ ಟ್ರಿಮ್ಮರ್ ಮೇಲು, ನನ್ನ ಬ್ಲೇಡ್ ನಿನಗಿಲ್ಲ ಅನ್ನೋದು ಇನ್ನೂ ಮೇಲು.

ಈಗ ಮೊದಲಿಗೆ ಬಾಕಿ ಇಟ್ಟ ಮಾತು. ಯಾರ ಕೈ?

ರೋಮಿನ ಸ್ನಾನಗೃಹಗಳಲ್ಲಿ ಇಂಥ ಕೆಲಸ ಗುಲಾಮರ ಪಾಲು. ನಮ್ಮಲ್ಲಿ ಅದು ಒಂದು ಜಾತಿಯ ಪಾಲಾಯಿತು. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಕ್ಷೌರದವರೂ ಒಬ್ಬರು, ಸುಗ್ಗಿಯಲ್ಲಿ ಕಣದಿಂದ ಇಷ್ಟು ಧಾನ್ಯ ಅಂತ ಅವರಿಗೆ ಆಯ. ಮದುವೆಯಲ್ಲಿ ಅವರಿಲ್ಲದೆ ಶಾಸ್ತ್ರ ನಡೆಯಲ್ಲ, ಎಷ್ಟೋ ಕಡೆ ಓಲಗ ಊದೋರೂ ಅವರೇ. ಆದರೂ ಕೂದಲು ಮುಟ್ಟೋ ಕೆಲಸ ಮೈಲಿಗೆ, ಕ್ಷೌರ ಆದ ಮೇಲೆ ಸ್ನಾನ ಮಾಡದೇ ಒಳಗೆ ಹೋಗೋ ಹಾಗಿಲ್ಲ. ಸ್ನಾನ ಮಾಡಿದರೆ ನಮ್ಮ ತಾತನ ಮೈಲಿಗೆ ತೊಳೆದು ಹೋಗ್ತಿತ್ತು. ಕ್ಷೌರದ ತಾತನದು ಹೋಗ್ತಿರಲಿಲ್ಲ. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು, ನಮ್ಮ ತಾತ ಅವರನ್ನ "ಬಾರೋ" ಅಂತಿದ್ದರು, ಅವರು ನಮ್ಮ ತಾತನನ್ನ "ಗೌಡ್ರೇ" ಅಂತಿದ್ದರು. ಗಂಟಲ ಹತ್ತಿರ ಹರಿತವಾದ ಕತ್ತಿ ಹಿಡಿಯೋಕೆ ಬಿಡುವಷ್ಟು ನಂಬಿಕೆ ಇತ್ತು, ಜಗಲಿ ಮೇಲೆ ಕೂರಿಸುವಷ್ಟು ಮರ್ಯಾದೆ ಇರಲಿಲ್ಲ.

ಇದಕ್ಕೆ ಅಪವಾದದ ಹಾಗೆ ಕಾಣೋ ಒಂದು ದಾಖಲೆ ಕರ್ನಾಟಕದಲ್ಲೇ ಕಲ್ಲಿನ ಮೇಲಿದೆ. 1540ರ ದಶಕ, ವಿಜಯನಗರದಲ್ಲಿ ಸದಾಶಿವರಾಯನ ಕಾಲ, ಅಧಿಕಾರವೆಲ್ಲ ಅಳಿಯ ರಾಮರಾಯನ ಕೈಯಲ್ಲಿ. ಬಾದಾಮಿಯ ಕೊಂಡೋಜ ಅನ್ನೋ ಕ್ಷೌರಿಕ ತನ್ನ ಕೆಲಸದಿಂದ ರಾಮರಾಯನ ಮೆಚ್ಚುಗೆ ಗಳಿಸಿದ. ಅದರ ಫಲವಾಗಿ ಕ್ಷೌರಿಕರ ಮೇಲಿದ್ದ ತೆರಿಗೆ, ಬಿಟ್ಟಿ ದುಡಿಮೆಗಳನ್ನ ರದ್ದು ಮಾಡಿದ್ದನ್ನ ಆ ಕಾಲದ ಶಾಸನಗಳು ಹೇಳ್ತವೆ, ಅದೂ ಒಂದೇ ಊರಲ್ಲಲ್ಲ. ಕೊಂಡೋಜ ತನಗೊಬ್ಬನಿಗೇ ಹೊಲವೋ ಹೊನ್ನೋ ಪಡೆದು ಸುಮ್ಮನಾಗಬಹುದಿತ್ತು. ಶಾಸನದಲ್ಲಿ ಉಳಿದಿರೋದು ಇಡೀ ಕಸುಬಿನವರಿಗೆ ಸಿಕ್ಕ ಬಿಡುಗಡೆ. ರಾಜರ ಯುದ್ಧ, ದಾನ ಹೇಳೋ ಕಲ್ಲುಗಳ ನಡುವೆ, ಕತ್ತಿ ಹಿಡಿದು ಬದುಕಿದ ಬೇರೆ ಥರದ ಜನರ ಹೆಸರೂ ಇದೆ ಅನ್ನೋದು ನನಗೆ ಬಹಳ ದೊಡ್ಡ ವಿಷಯ ಅನ್ನಿಸ್ತು.

ಇವತ್ತು ಅದೇ ಕಂಕುಳ ಕೂದಲನ್ನ ಬಿಳಿ ಕೋಟು ಹಾಕಿದವರು ಏಸಿ ರೂಮಿನಲ್ಲಿ ತೆಗೆದರೆ ನಾವು ಸಾವಿರಗಟ್ಟಲೆ ಕೊಟ್ಟು "ಥ್ಯಾಂಕ್ಯೂ ಡಾಕ್ಟರ್" ಅಂತೀವಿ. ಅವರ ಬಗ್ಗೆ ನನಗೆ ತಕರಾರಿಲ್ಲ, ಅವರು ಓದಿ ಕಲಿತಿದಾರೆ. ಆದರೆ ಅದೇ ನಾವು, ಕೋಡ್ ರಿವ್ಯೂನಲ್ಲಿ ಯಾರೋ ತಪ್ಪು ಮಾಡಿದರೆ "ಏನ್ ಹಜಾಮತಿ ಮಾಡಿದೀಯಾ" ಅಂತ ಕನ್ನಡದಲ್ಲಿ ಬೈದು ನಗ್ತೀವಿ. ಒಂದು ಸಮುದಾಯದ ಕಸುಬಿನ ಹೆಸರು ನಮಗೆ ಬೈಗುಳ. ಮೈಕೂದಲು ತೆಗೆಸೋ ಗಂಡಸನ್ನ ನೋಡಿ ನಗೋದು ಬರೀ ತಿಳಿಗೇಡಿತನ, ಎರಡು ಪುಸ್ತಕ ಓದಿದರೆ ಹೋಗುತ್ತೆ. ಆ ಬೈಗುಳ ಹಾಗಲ್ಲ, ಅದನ್ನ ಕೇಳಿಸಿಕೊಂಡೇ ಬೆಳೆದ ಮಕ್ಕಳು ನಮ್ಮ ಪಕ್ಕದ ಕ್ಯೂಬಿಕಲ್‌ನಲ್ಲೇ ಇರಬಹುದು, ಬಾಯಿಬಿಟ್ಟು ಹೇಳಿರಲ್ಲ ಅಷ್ಟೇ.

ನಿಮ್ಮ ಎದೆ, ಬೆನ್ನು, ಕಂಕುಳಿನ ವಿಷಯದಲ್ಲಿ ಯಾರ ಸಲಹೆಯೂ ಬೇಡ. ಇಟ್ಟುಕೊಂಡರೂ ಗಂಡಸೇ, ತೆಗೆದರೂ ಗಂಡಸೇ, ಇದಕ್ಕೆ ಐದು ಸಾವಿರ ವರ್ಷದ ಸಾಕ್ಷಿ ಇದೆ. ಮುಂದಿನ ಸಲ ಕಟಿಂಗ್ ಮಾಡಿಸಿಕೊಳ್ಳೋಕೆ ಕೂತಾಗ, ಹೊಸ ಬ್ಲೇಡ್ ಹಾಕಿ ಅಂತ ಕೇಳಿ, ಅದು ನಿಮ್ಮ ಹಕ್ಕು. ಕೇಳೋವಾಗ "ಹಾಕೋ" ಅನ್ನಬೇಡಿ, "ಹಾಕಿ ಅಣ್ಣ" ಅನ್ನಿ.